ಹಸಿ ಕಸ ಯಾರಿಗೆ: ಗಾಡಿಗೋ, ಬಕೆಟ್ಟಿಗೋ, ಗುಂಡಿಗೋ, ಎಮ್ಮೆಗೋ?

ಚಿತ್ರದುರ್ಗದಲ್ಲಿರುವ ನನ್ನ ತಂಗಿ ಹೋದ ತಿಂಗಳು ಫೋನ್ ಮಾಡಿದ್ದಳು. "ಅಕ್ಕಾ, ಮನೇಲೇ ಗೊಬ್ಬರ ಮಾಡೋಣ ಅಂತಿದೀನಿ. ಮಡಕೆ ತಗೊಳ್ಳಲಾ, ಡ್ರಮ್ ತಗೊಳ್ಳಲಾ, ಆ ಕರೆಂಟಿನ ಮಷೀನ್ ತಗೊಳ್ಳಲಾ?" ನಾನು ಯಾವುದನ್ನೂ ಹೇಳಲಿಲ್ಲ. "ಮೊದಲು ಒಂದು ವಾರ ಕಸ ತೂಗು" ಅಂದೆ. ಅವಳಿಗೆ ರೇಗಿತು. "ಕಸ ತೂಗೋಕೆ ನಾನೇನು ಗುಜರಿ ಅಂಗಡಿ ಇಟ್ಟಿದೀನಾ?" ಅಂತ ಫೋನ್ ಇಟ್ಟೇಬಿಟ್ಟಳು.

ತಪ್ಪು ಅವಳದಲ್ಲ. ದಾವಣಗೆರೆಯಲ್ಲಿ ನಮ್ಮ ಬೀದಿಯವರೂ ಹಾಗೇ ಶುರು ಮಾಡಿದ್ದೆವು. ಮೊದಲು ಗುಂಡಿ ತೋಡಿಸಿದೆವು, ಆಮೇಲೆ ಅದಕ್ಕೆ ಎಷ್ಟು ಕಸ ಬರುತ್ತದೆ ಅಂತ ಯೋಚಿಸಿದೆವು. ಗುಂಡಿ ಮುಚ್ಚಿಸಿದ ಮೇಲೆ ತಕ್ಕಡಿ ತಂದೆವು. ಆ ಕ್ರಮ ತಿರುಗುಮುರುಗಾಗಿದ್ದಕ್ಕೆ ಬೀದಿಯ 42 ಮನೆಗಳೂ ಕಾಸು ಕಳೆದುಕೊಂಡವು. ನಿಮ್ಮ ಕಾಸು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಕ್ಕಡಿ

ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಾಕು, ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ಊಟವಾಗಿ ಅಡುಗೆಮನೆ ತೊಳೆದ ಮೇಲೆ ಹಸಿ ಕಸದ ಬಕೆಟ್ಟನ್ನು ಅದಕ್ಕೆ ನೇತುಹಾಕಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪಕ್ಕಕ್ಕೆ ಒಂದು ಅಂಕಿ ಬರೆಯಿರಿ. ಏಳು ದಿನ, ಅಷ್ಟೇ. ಆ ವಾರದಲ್ಲಿ ಒಂದು ಭಾನುವಾರ ಇರಲೇಬೇಕು.

ನಮ್ಮ ಮನೆಯಲ್ಲಿ ನಾಲ್ಕು ಜನ. ಸೋಮವಾರ 400 ಗ್ರಾಂ ಬಂತು. ಭಾನುವಾರ ಕಲ್ಲಂಗಡಿ ಕೊಯ್ದೆವು, ಅವತ್ತು 1 ಕೆ.ಜಿ. ದಾಟಿತು. ವಾರದ ಸರಾಸರಿ ಸುಮಾರು 600 ಗ್ರಾಂ. ಎದುರುಮನೆಯ ಅಜ್ಜಿ ಒಬ್ಬರೇ ಇರುವುದು. ಅವರದು 200 ಗ್ರಾಂ ಕೂಡ ಆಗಲಿಲ್ಲ. "ನನ್ ಕಸಾನೂ ತೂಗ್ತೀರೇನ್ರವ್ವ" ಅಂತ ನಕ್ಕರು. ಮೂಲೆ ಮನೆಯ ಕೂಡು ಕುಟುಂಬದ್ದು ಒಂದೂವರೆ ಕೆ.ಜಿ. ಬೀದಿಯೆಲ್ಲ ಕೂಡಿಸಿದರೆ ದಿನಕ್ಕೆ 26 ಕೆ.ಜಿ. ಆಸುಪಾಸು. ನಾವು ಗುಂಡಿ ತೋಡಿಸುವಾಗ ಅಂದಾಜು ಮಾಡಿದ್ದು 60 ಕೆ.ಜಿ. ಯಾರು ಹೇಳಿದ್ದು ಅಂತ ಈಗ ಯಾರಿಗೂ ನೆನಪಿಲ್ಲ, ಎಲ್ಲರೂ ತಲೆ ಆಡಿಸಿದ್ದಂತೂ ನೆನಪಿದೆ.

ಸರಾಸರಿಯನ್ನು ಮಾತ್ರ ನಂಬಿ ಕೂರಬೇಡಿ. ಮಾವಿನ ಕಾಲ ಬಂದರೆ ವಾಟೆ, ಸಿಪ್ಪೆ ಸೇರಿ ತೂಕ ಏರುತ್ತದೆ. ಆಯುಧಪೂಜೆಯ ಮಾರನೇ ದಿನ ಬಾಳೆಕಂದು, ಒಡೆದ ಬೂದುಗುಂಬಳ, ಚೆಂಡುಹೂವಿನ ರಾಶಿ. ಅವತ್ತಿನ ಕಸ ಯಾವ ಮಡಕೆಗೂ ಹಿಡಿಸುವುದಿಲ್ಲ. ಆ ಎರಡು ದಿನ ಗಾಡಿಗೇ ಕೊಡುವುದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಹಬ್ಬದ ಲೆಕ್ಕಕ್ಕೆ ಡ್ರಮ್ ಕೊಂಡರೆ ವರ್ಷದ ಉಳಿದ ದಿನವೆಲ್ಲ ಅದು ಅರ್ಧ ಖಾಲಿ. ಅರ್ಧ ಖಾಲಿ ಡ್ರಮ್ಮಿನಲ್ಲಿ ಬಿಸಿ ಏರಲ್ಲ, ಗೊಬ್ಬರ ನಿಧಾನ.

ಗಾಡಿಗೆ ಕೊಡುವುದು

ಮನೆಯಲ್ಲಿ ಗೊಬ್ಬರ ಮಾಡುವವರು ಮೇಲು, ಗಾಡಿಗೆ ಕೊಡುವವರು ಸೋಮಾರಿಗಳು ಅನ್ನುವ ಮಾತು ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಬೇರೆ ಮಾಡಿದ ಕಸವನ್ನು ದಿನಾ ತಪ್ಪದೆ ಗಾಡಿಗೆ ಕೊಡುವ ಮನೆ, ಮೂರು ತಿಂಗಳು ಮಡಕೆ ಇಟ್ಟು ಆಮೇಲೆ ತಾರಸಿಯಲ್ಲಿ ಮರೆತ ಮನೆಗಿಂತ ಎಷ್ಟೋ ಮೇಲು. ಆಸ್ತಿ ತೆರಿಗೆಯ ಜತೆ ಕಸದ ಸೆಸ್ ಕಟ್ಟುತ್ತೇವೆ. ಆ ಸೇವೆ ನಮ್ಮದೇ, ಬಳಸಿದರೆ ತಪ್ಪೇನು?

ಆದರೆ ಒಂದು ಷರತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಾಗಿನಿಂದ ಮನೆಯಲ್ಲೇ ಕಸ ಬೇರೆ ಮಾಡಿ ಕೊಡುವುದು ನಮ್ಮ ಹೊಣೆ. ಹಸಿ ಒಂದು, ಒಣ ಒಂದು, ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿಯಂಥ ಅಪಾಯದ್ದು ಇನ್ನೊಂದು. ಹಸಿರು ಬಕೆಟ್ ಹಸಿಗೆ, ನೀಲಿ ಒಣಕ್ಕೆ. ಪ್ಯಾಡ್, ಡೈಪರನ್ನು ಪೇಪರಿನಲ್ಲಿ ಸುತ್ತಿ ಬೇರೆಯೇ ಕೊಡಬೇಕು. ಪೌರಕಾರ್ಮಿಕರು ಬರಿಗೈಯಲ್ಲಿ ಅದನ್ನು ಆರಿಸುವ ಹಾಗೆ ಮಾಡಬಾರದು. ಇದಕ್ಕೆ ನಿಯಮ ಯಾಕೆ ಬೇಕು ಹೇಳಿ?

ಗಾಡಿಗೆ ಕೊಡುವುದು ಅಂತ ತೀರ್ಮಾನಿಸುವ ಮುಂಚೆ ಒಂದು ದಿನ ಗೇಟಿನ ಹತ್ತಿರ ನಿಂತು ನೋಡಿ. ಗಾಡಿಯೊಳಗೆ ನಡುವೆ ತಗಡಿನ ಅಡ್ಡ ಇದೆಯೇ? ನೀವು ಬೇರೆ ಮಾಡಿ ಕೊಟ್ಟದ್ದು ಬೇರೆಯಾಗಿಯೇ ಬೀಳುತ್ತದೆಯೇ? ಹಿಂದೆ ಬೇರೊಂದು ಊರಿನಲ್ಲಿ ಬಾಡಿಗೆಗಿದ್ದಾಗ ನಾನು ಆರು ತಿಂಗಳು ಶಿಸ್ತಾಗಿ ಎರಡು ಬಕೆಟ್ ಇಟ್ಟೆ. ಒಂದು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಎರಡೂ ಬಕೆಟ್ಟು ಒಂದೇ ರಾಶಿಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ. ಅವತ್ತು ಆದ ಬೇಜಾರು ಅಷ್ಟಿಷ್ಟಲ್ಲ. ಆದರೆ ಹಿಂದಿನ ಹತ್ತು ಮನೆಯವರು ಬೆರೆಸಿ ಕೊಟ್ಟಿದ್ದರೆ ಹನ್ನೊಂದನೇ ಮನೆಯದನ್ನು ಗಾಡಿಯ ಹುಡುಗ ಎಲ್ಲಿ ಸುರಿಯಬೇಕು? ಅದನ್ನೂ ಯೋಚಿಸಬೇಕು.

ಬೆರೆತ ಕಸ ಕೊನೆಗೆ ಗುಡ್ಡೆ ಸೇರುತ್ತದೆ. ನಮ್ಮೂರಿನದು ಆವರಗೊಳ್ಳದ ಕಡೆ ಹೋಗುತ್ತದೆ. ಗುಡ್ಡೆಯ ಒಳಗೆ ಗಾಳಿ ಆಡುವುದಿಲ್ಲ. ಅಲ್ಲಿ ಅನ್ನ, ಸಿಪ್ಪೆ ಕೊಳೆತರೆ ಮೀಥೇನ್ ಅನಿಲ ಬರುತ್ತದೆ. 100 ವರ್ಷದ ಲೆಕ್ಕ ಹಿಡಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಕಸದ ಗುಡ್ಡೆಗಳಿಗೆ ಬೆಂಕಿ ಬೀಳುವುದರ ಹಿಂದೆಯೂ ಇದೇ ಅನಿಲ ಇರುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಬಕೆಟ್ಟಿನಲ್ಲಿ ಕೊಳೆತರೆ ಗೊಬ್ಬರ.

ಬಕೆಟ್, ಮಡಕೆ

ನನ್ನ ಮೆಚ್ಚಿನದು ಇದೇ, ಮುಚ್ಚಿಡುವುದಿಲ್ಲ. ಖರ್ಚು ಕಡಿಮೆ, ತಪ್ಪಿದರೆ ನಷ್ಟವೂ ಕಡಿಮೆ. 20 ಲೀಟರಿನ ಹಳೇ ಪೇಂಟ್ ಬಕೆಟ್ ಮೂರು ತಗೊಳ್ಳಿ. ಕಾದ ಮೊಳೆಯಿಂದ ಸುತ್ತಲೂ, ತಳಕ್ಕೂ ತೂತು ಮಾಡಿ. ಒಂದು ತುಂಬುವುದಕ್ಕೆ ನಮ್ಮ ಮನೆಯ ಲೆಕ್ಕದಲ್ಲಿ ಒಂದು ತಿಂಗಳು ಹಿಡಿಯುತ್ತದೆ, ಯಾಕಂದರೆ ಕೆಳಗಿನದು ಕುಸಿಯುತ್ತಾ ಹೋಗುತ್ತದೆ. ಅದು ತುಂಬಿದ ಮೇಲೆ ಎರಡನೆಯದು. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ಗೊಬ್ಬರ ತಯಾರು. 45ರಿಂದ 60 ದಿನ ಬೇಕು. ಮಣ್ಣಿನ ಮಡಕೆ ನೋಡೋಕೆ ಚೆಂದ, ಗಾಳಿಯೂ ಆಡುತ್ತದೆ, ಆದರೆ ತಾರಸಿಗೆ ಹೊತ್ತುಕೊಂಡು ಹೋಗೋದು ನನ್ನ ಸೊಂಟಕ್ಕೆ ಆಗಲ್ಲ.

ಗುಟ್ಟು ಇರುವುದು ಒಣ ಪದಾರ್ಥದಲ್ಲಿ. ಪ್ರತಿ ಸಲ ಹಸಿ ಕಸ ಹಾಕಿದಾಗ ಅದರ ಮೇಲೆ ಒಂದು ಪದರ ಒಣದ್ದು ಬೀಳಬೇಕು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡನ್ನೂ ಬೆರೆಸುವುದೇ ಕೆಲಸ. ನಮ್ಮ ಕಡೆ ಒಣದ್ದಕ್ಕೇನು ಬರವೇ? ರಸ್ತೆ ಬದಿಯ ಹೊಂಗೆ, ಬೇವಿನ ಎಲೆ ರಾಶಿ ರಾಶಿ. ತೆಂಗಿನ ನಾರಿನ ಪುಡಿ ಸಿಗುತ್ತದೆ. ಮರದ ಅಂಗಡಿಯಲ್ಲಿ ರಂಧದ ಪುಡಿ ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಮಾತ್ರ ಜಾಸ್ತಿ ಹಾಕಬೇಡಿ. ಗಾಳಿ ಆಡಲು ಒಳ್ಳೆಯದೇ, ಆದರೆ ಅದರಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯುವುದಿಲ್ಲ. ಆರು ತಿಂಗಳಾದ ಮೇಲೂ ಗೊಬ್ಬರದಲ್ಲಿ ಹೊಟ್ಟು ಹೊಟ್ಟಾಗೇ ಕಾಣುತ್ತಿರುತ್ತದೆ.

ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಕೈಯೇ ಸಾಕು. ಬಕೆಟ್ಟಿನ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿ ನಿಂತರೆ ಸರಿ. ಧಾರೆ ಇಳಿದರೆ ನೀರು ಜಾಸ್ತಿ, ನಾಳೆ ವಾಸನೆ ಗ್ಯಾರಂಟಿ. ಒಣ ಎಲೆ ಸೇರಿಸಿ ಕಲಕಿ. ಉಂಡೆ ಕಟ್ಟದೆ ಪುಡಿಪುಡಿಯಾಗಿ ಉದುರಿದರೆ ಒಣಗಿದೆ, ಇರುವೆ ಬರುತ್ತದೆ. ಹುಳಿ ಮಜ್ಜಿಗೆ ತೊಳೆದ ನೀರು ಚಿಮುಕಿಸಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಈ ಎರಡನೇ ತೊಂದರೆಯೇ ಹೆಚ್ಚು. ತಾರಸಿಯ ಮೇಲಿನ ಬಕೆಟ್ ಎರಡೇ ದಿನಕ್ಕೆ ಉಪ್ಪಿನಕಾಯಿಗೆ ಒಣಗಿಸಿದ ಹಾಗೆ ಆಗಿರುತ್ತದೆ. ನೆರಳಿಗೆ ಇಡಿ. ಮೆಟ್ಟಿಲ ಕೆಳಗಿನ ಜಾಗ ಒಳ್ಳೆಯದು.

ದಪ್ಪ ಬೂದು ಬಣ್ಣದ ಹುಳು ಕಂಡರೆ ಹೆದರಿ ಬಕೆಟ್ ಬಿಸಾಡಬೇಡಿ. ಅದು ಒಂದು ಬಗೆಯ ನೊಣದ ಮರಿ. ಕಚ್ಚಲ್ಲ, ರೋಗ ತರಲ್ಲ, ನಮಗಿಂತ ಬೇಗ ಕೆಲಸ ಮುಗಿಸುತ್ತದೆ. ನಮ್ಮ ಮಗಳು ಮೊದಲ ದಿನ ಕಿರುಚಿದ್ದು ಬೀದಿಗೆಲ್ಲ ಕೇಳಿತ್ತು.

ಎರೆಹುಳು ಗೊಬ್ಬರದ ಬಗ್ಗೆ ಕೇಳುವವರಿಗೆ ಎರಡೇ ಮಾತು. ಗೊಬ್ಬರ ಬಹಳ ಒಳ್ಳೆಯದು. ಆದರೆ 35 ಡಿಗ್ರಿ ದಾಟಿದರೆ ಆ ಹುಳು ಬದುಕುವುದು ಕಷ್ಟ. ಒದ್ದೆ ಗೋಣಿಚೀಲ, ದಟ್ಟ ನೆರಳು, ದಿನಾ ಗಮನ ಇಲ್ಲದಿದ್ದರೆ ನಮ್ಮ ಬೇಸಿಗೆಗೆ ಅದು ಹುಳುವಿನ ಶಿಕ್ಷೆ. ಊರಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಬೀದಿಗೊಂದು ಗುಂಡಿ

ಈಗ ನಮ್ಮ ಸೋಲಿನ ಕಥೆ. ಪಾರ್ಕಿನ ಮೂಲೆಯಲ್ಲಿ ನಾಲ್ಕಡಿ ಆಳದ ಗುಂಡಿ ತೋಡಿಸಿದೆವು. ಫೆಬ್ರವರಿಯಲ್ಲಿ ಪೂಜೆ ಮಾಡಿ ಶುರು. ಮೂರು ತಿಂಗಳು ಎಲ್ಲ ಸರಿಯಿತ್ತು. ಜೂನ್ ಮಳೆ ಬಂತು. ನಮ್ಮದು ಎರೆಮಣ್ಣು. ಹೊಲಕ್ಕೆ ಅದು ಬಂಗಾರ, ಗುಂಡಿಗೆ ಶತ್ರು. ನೀರು ಕುಡಿದು ಉಬ್ಬುತ್ತದೆ, ಆಮೇಲೆ ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಗುಂಡಿ ಬಾವಿಯಾಯಿತು. ಅದರೊಳಗೆ ಕಸ ತೇಲುತ್ತಿತ್ತು. ಗಾಳಿ ಇಲ್ಲದೆ ಕೊಳೆತ ವಾಸನೆ ಎರಡು ಬೀದಿ ದಾಟಿತು. ನಾಯಿ, ಹಂದಿ, ಸೊಳ್ಳೆ ಎಲ್ಲ ಬಂದವು. ಪಾರ್ಕಿಗೆ ವಾಕಿಂಗ್ ಬರುತ್ತಿದ್ದ ಮೇಷ್ಟ್ರು ಒಬ್ಬರು "ಅಕ್ಕಾರೆ, ನೀವು ಗೊಬ್ಬರ ಮಾಡ್ತಿದೀರೋ, ಗಟಾರ ಮಾಡ್ತಿದೀರೋ?" ಅಂತ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ನೆಲದ ಮೇಲೆ ಕಟ್ಟಬೇಕಿತ್ತು. ಸಂದು ಬಿಟ್ಟು ಜೋಡಿಸಿದ ಇಟ್ಟಿಗೆ ಗೋಡೆ, ತಳ ಸ್ವಲ್ಪ ಎತ್ತರ, ಮೇಲೆ ತಗಡಿನ ಮಾಡು. ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿ ಒಂದರಲ್ಲಿ ನಮ್ಮ 26 ಕೆ.ಜಿ.ಯನ್ನು ಒಣ ಎಲೆ ಸಮೇತ ಸುಮಾರು ಮೂರು ನಾಲ್ಕು ವಾರ ಹಾಕಬಹುದು. ಹಾಗಾಗಿ ಮೂರು ತೊಟ್ಟಿ ಬೇಕು: ಒಂದು ತುಂಬುತ್ತಿರಲು, ಎರಡು ಹಣ್ಣಾಗುತ್ತಿರಲು. ನಡುವಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜ, ರೋಗಾಣು ಸಾಯುತ್ತವೆ. ಒಂದು ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಸುಟ್ಟರೆ ಒಳಗೆ ಕೆಲಸ ನಡೆಯುತ್ತಿದೆ.

ನಿಜವಾದ ಪ್ರಶ್ನೆ ಇಟ್ಟಿಗೆಯದಲ್ಲ. ವಾರಕ್ಕೊಮ್ಮೆ ಯಾರು ತಿರುವಿ ಹಾಕುತ್ತಾರೆ? ಮೊದಲ ತಿಂಗಳು ಎಲ್ಲರೂ. ಎರಡನೇ ತಿಂಗಳು ನಾಲ್ಕು ಜನ. ಆಮೇಲೆ ಒಬ್ಬರೇ, ಅವರಿಗೂ ಮೊಣಕಾಲು ನೋವು. ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡು, ಪ್ರತಿ ಮನೆಯಿಂದ ತಿಂಗಳಿಗೆ ಇಂತಿಷ್ಟು ಅಂತ ಸಂಬಳ ಕೂಡಿಸುವ ಮನಸ್ಸಿದ್ದರೆ ಬೀದಿ ತೊಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಆ ಮನಸ್ಸಿಲ್ಲದಿದ್ದರೆ ಎಲ್ಲಕ್ಕಿಂತ ಕೆಟ್ಟದು. ನಡುವೆ ಏನೂ ಇಲ್ಲ.

ಚಿತ್ರದುರ್ಗದವರಿಗೆ ಇದರಲ್ಲಿ ಒಂದು ಅನುಕೂಲ. ಅಲ್ಲಿ ಎಷ್ಟೋ ಕಡೆ ಎರಡಡಿ ಅಗೆದರೆ ಬಂಡೆ. ಗುಂಡಿ ತೋಡುವ ಆಸೆಯೇ ಹುಟ್ಟಲ್ಲ.

ಗ್ಯಾಸು, ಮಷೀನು

ಬಯೋಗ್ಯಾಸ್ ಅಂದರೆ ಎಲ್ಲರಿಗೂ ಸಿಲಿಂಡರ್ ಉಳಿಸುವ ಕನಸು. ಲೆಕ್ಕ ಹಾಕೋಣ. 10 ಕೆ.ಜಿ. ಅಡುಗೆಮನೆ ಕಸ ಚೆನ್ನಾಗಿ ಕೊಳೆತರೆ ಹೆಚ್ಚೆಂದರೆ ಒಂದು ಘನ ಮೀಟರ್ ಗ್ಯಾಸ್. ಅದು ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅಂದರೆ ದಿನಾ 10 ಕೆ.ಜಿ. ಹಾಕಿದರೂ ಒಂದು ಸಿಲಿಂಡರಿನಷ್ಟು ಬರಲು ತಿಂಗಳ ಮೇಲೆ ಬೇಕು. 600 ಗ್ರಾಂ ಕಸದ ನಮ್ಮ ಮನೆಗೆ? ಎರಡು ಲೋಟ ಟೀ ಕಾಯಿಸಿಕೊಂಡು ಸುಮ್ನಿರಬೇಕು. ಬೀದಿಯ 26 ಕೆ.ಜಿ. ಹಾಕಿದರೆ ಹದಿಮೂರು ದಿನಕ್ಕೆ ಒಂದು ಸಿಲಿಂಡರ್ ಆಗಬಹುದು. ಆಗ ಪೈಪು ಯಾರ ಅಡುಗೆಮನೆಗೆ ಅಂತ ಜಗಳ ಶುರು.

ಆದರೆ ಹಾಸ್ಟೆಲ್ ಮೆಸ್ಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದಾವಣಗೆರೆಯಲ್ಲಿ ಕಾಲೇಜು ಜಾಸ್ತಿ, ಹಾಸ್ಟೆಲ್ಲೂ ಜಾಸ್ತಿ. ಕಸ ಹುಟ್ಟುವ ಜಾಗ, ಗ್ಯಾಸ್ ಬೇಕಾದ ಜಾಗ ಎರಡೂ ಒಂದೇ. ಅಡುಗೆಯವರು ಅಲ್ಲೇ ಇರುತ್ತಾರೆ. ಅನ್ನ ಮುದ್ದೆ ಮಿಕ್ಕಿದ್ದು ಸಿಪ್ಪೆಗಿಂತ ಚೆನ್ನಾಗಿ ಗ್ಯಾಸ್ ಕೊಡುತ್ತದೆ. ಹೊರಗೆ ಬರುವ ಬಗ್ಗಡ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮೊದಲೇ ನೋಡಿಕೊಳ್ಳಬೇಕು, ಯಾಕಂದರೆ ಹಾಕುವ ಕಸದಷ್ಟೇ ನೀರನ್ನೂ ದಿನಾ ಹಾಕುತ್ತೇವೆ. ಗಿಡ, ತೋಟ ಇರುವ ಕಾಲೇಜಿಗೆ ತೊಂದರೆಯಿಲ್ಲ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದ ತಿಂಗಳು ಅದಕ್ಕೆ ಸಗಣಿ ಹಾಕಿ ಜೀವ ಹಿಡಿದಿಡಬೇಕು.

ಕರೆಂಟಿನ ಮಷೀನಿನ ವಿಷಯಕ್ಕೆ ಬಂದರೆ, ನಮ್ಮ ಬೀದಿಗೂ ಒಬ್ಬರು ಮಾರಲು ಬಂದಿದ್ದರು. "24 ಗಂಟೆಯಲ್ಲಿ ಗೊಬ್ಬರ" ಅಂದರು. ಬೆಳಿಗ್ಗೆ ಹಾಕಿದ ಕಸ ಮಾರನೇ ದಿನ ಕಂದು ಪುಡಿಯಾಗಿ ಬಂತು, ವಾಸನೆಯೂ ಕಾಫಿ ಪುಡಿಯ ಹಾಗೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಒಂದು ಹಿಡಿ ತಂದು ನೀರು ಚಿಮುಕಿಸಿ ಮುಚ್ಚಿಟ್ಟೆ. ಮೂರನೇ ದಿನ ಮುಚ್ಚಳ ತೆಗೆದರೆ ಹಳಸಿದ ಸಾಂಬಾರಿನ ವಾಸನೆ. ಅದು ಕೊಳೆತಿರಲೇ ಇಲ್ಲ, ಬರೀ ಒಣಗಿತ್ತು. ಅದರಲ್ಲಿ ಬಿತ್ತಿದ ಮೆಂತ್ಯ ಸರಿಯಾಗಿ ಮೊಳೆಯಲೂ ಇಲ್ಲ. ಇಂಥ ಮಷೀನಿನಿಂದ ಬಂದದ್ದನ್ನು ಇನ್ನೂ ಕೆಲವು ವಾರ ರಾಶಿ ಹಾಕಿ ಹಣ್ಣು ಮಾಡಬೇಕು. ಜಾಗವೇ ಇಲ್ಲದ ದೊಡ್ಡ ಹೋಟೆಲಿಗೆ ಕಸದ ತೂಕ, ನೀರು ಇಳಿಸಲು ಇದು ಉಪಯೋಗಕ್ಕೆ ಬರಬಹುದು. ಮನೆಗೆ ಬೇಡ. ಯಾವ ಗೊಬ್ಬರ ಕೊಳ್ಳುವ ಮುಂಚೆಯೂ ಈ ಮೆಂತ್ಯದ ಪರೀಕ್ಷೆ ಮಾಡಿ, ಖರ್ಚು ಒಂದು ಚಮಚ ಮೆಂತ್ಯ.

ದಿನಕ್ಕೆ ಸರಾಸರಿ 100 ಕೆ.ಜಿ. ಮೀರಿ ಕಸ ಮಾಡುವವರನ್ನು 2016ರ ನಿಯಮಗಳು ದೊಡ್ಡ ಉತ್ಪಾದಕರು ಅಂತ ಬೇರೆ ಸಾಲಿನಲ್ಲಿ ಇಟ್ಟವು. ದೊಡ್ಡ ಹೋಟೆಲು, ಕಲ್ಯಾಣ ಮಂಟಪದವರಿಗೆ ಆಗಿನಿಂದ ಆಯ್ಕೆಯೇ ಬೇರೆ. ಆದಷ್ಟೂ ತಮ್ಮ ಜಾಗದಲ್ಲೇ ಸಂಸ್ಕರಿಸಬೇಕು.

ಎಮ್ಮೆ

ಮಾರಾಟಗಾರರು ಯಾರೂ ಹೇಳದ ಆಯ್ಕೆ ಇದು, ಯಾಕಂದರೆ ಇದರಲ್ಲಿ ಮಾರೋದಕ್ಕೇನಿಲ್ಲ. ನಮ್ಮಮ್ಮನ ಕಾಲದಲ್ಲಿ ಹಿತ್ತಲ ಬಾಗಿಲ ಹತ್ತಿರ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಸೌತೆ ಸಿಪ್ಪೆ, ಬಾಳೆ ಸಿಪ್ಪೆ, ಸೊಪ್ಪಿನ ದಂಟು. ಸಂಜೆ ಹಾಲಿನವರು ಬಂದು ಒಯ್ಯುತ್ತಿದ್ದರು. ಈಗಲೂ ಊರಂಚಿನ ಬಡಾವಣೆಗಳಲ್ಲಿ ಎಮ್ಮೆ ಕಟ್ಟಿದವರಿದ್ದಾರೆ. ಕೇಳಿ ನೋಡಿ. ಪ್ಲಾಸ್ಟಿಕ್ ಚೂರು, ಹಾಲಿನ ಪ್ಯಾಕೆಟ್ಟಿನ ಮೂಲೆ, ಸೂಜಿ ಪಿನ್ನು ಒಂದೂ ಇರಬಾರದು. ದನದ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಹೊರಗೆ ಬರುವುದಿಲ್ಲ. ಮಿಕ್ಕ ಅನ್ನವನ್ನು ಬಕೆಟ್ ಗಟ್ಟಲೆ ಕೊಡುವುದೂ ತಪ್ಪು, ಹೊಟ್ಟೆ ಉಬ್ಬರಿಸುತ್ತದೆ. ಮಾಂಸ, ಮೂಳೆಯ ಮಾತೇ ಬೇಡ. ನಮ್ಮ ಬೀದಿಯಲ್ಲಿ ಈಗ ಆರು ಮನೆಯವರು ಹೀಗೆ ಕೊಡುತ್ತಾರೆ. ಗುಂಡಿಗಿಂತ ಚೆನ್ನಾಗಿ ನಡೆದಿದೆ.

ಒಣ ಕಸದಲ್ಲಿ ಆರಿಸಲು ಹೆಚ್ಚೇನಿಲ್ಲ. ಪೇಪರು, ರಟ್ಟು, ಬಾಟಲಿ, ಕಬ್ಬಿಣ ಗುಜರಿಯವರಿಗೆ. ಹಾಲಿನ ಕವರ್ ತೊಳೆದು ಒಣಗಿಸಿದರೆ ಅದಕ್ಕೂ ಬೆಲೆಯಿದೆ. ಚಿಪ್ಸ್ ಪ್ಯಾಕೆಟ್ಟಿನಂಥ ಹೊಳೆಯುವ ಪದರದ್ದನ್ನು ಗುಜರಿಯವರು ಮುಟ್ಟುವುದಿಲ್ಲ, ಅದು ಗಾಡಿಗೆ. ಸುಡುವುದು ಆಯ್ಕೆಯೇ ಅಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಮಟ್ಟದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಬೆಳಗಿನ ಜಾವ ಎಲೆ ಗುಡಿಸಿ ಬೆಂಕಿ ಹಚ್ಚುವವರಿಗೆ ನಾನು ಹೇಳೋದು, ಆ ಎಲೆ ನನಗೆ ಕೊಡಿ, ನನ್ನ ಬಕೆಟ್ಟಿಗೆ ಬೇಕು.

ಆರಿಸಿದ್ದು ಸರಿಯೇ ಅಂತ ತಿಳಿಯುವುದು ಹೇಗೆ?

ಇಲ್ಲಿ ಸರ್ಕಾರದ ಲೆಕ್ಕದಿಂದಲೂ ಕಲಿಯುವುದಿದೆ. 2008ರಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ನಗರ ಸೇವೆಗಳನ್ನು ಅಳೆಯಲು ಒಂದು ಮಾನದಂಡ ತಂದಿತು. ನೀರು, ಒಳಚರಂಡಿ, ಮಳೆನೀರು ಚರಂಡಿ, ಕಸ ಸೇರಿ ಒಟ್ಟು 28 ಅಳತೆ. ಅದರಲ್ಲಿ ಕಸಕ್ಕೆ ಎಂಟು. ಎಷ್ಟು ಮನೆಗೆ ಸೇವೆ ಮುಟ್ಟುತ್ತದೆ, ಹುಟ್ಟಿದ ಕಸದಲ್ಲಿ ಎಷ್ಟು ಎತ್ತುತ್ತಾರೆ, ಎಷ್ಟು ಬೇರೆಯಾಗಿದೆ, ಎಷ್ಟು ಮರುಬಳಕೆಗೆ ಹೋಯಿತು, ಉಳಿದದ್ದು ವೈಜ್ಞಾನಿಕವಾಗಿ ವಿಲೇವಾರಿ ಆಯಿತೇ, ದೂರುಗಳು 24 ಗಂಟೆಯಲ್ಲಿ ಬಗೆಹರಿದವೇ, ಹಾಕಿದ ಖರ್ಚು ವಾಪಸ್ ಹುಟ್ಟಿತೇ, ಕೇಳಿದ ಶುಲ್ಕ ವಸೂಲಾಯಿತೇ. ಮರುಬಳಕೆಗೆ ಗುರಿ ಶೇ. 80, ದೂರಿಗೂ ಶೇ. 80, ಶುಲ್ಕ ವಸೂಲಿಗೆ ಶೇ. 90, ಮಿಕ್ಕ ಐದಕ್ಕೂ ಶೇ. 100.

ಈ ಎಂಟರಲ್ಲಿ ಸುಲಭವಾಗಿ ಹೊಳೆಯುವ ಅಂಕಿ ಮೊದಲನೆಯದು. ನಮ್ಮ ಬೀದಿಯನ್ನೇ ತಗೊಳ್ಳಿ. 42 ಮನೆಗೂ ಗಾಡಿ ಬರುತ್ತದೆ, ಅಂದರೆ ವ್ಯಾಪ್ತಿ ಶೇ. 100. ನಾವು ಎಣಿಸಲು ಶುರು ಮಾಡಿದಾಗ ಸರಿಯಾಗಿ ಬೇರೆ ಮಾಡಿ ಕೊಡುತ್ತಿದ್ದುದು 9 ಮನೆ, ಅಂದರೆ ವಿಂಗಡಣೆ ಶೇ. 21. ಒಂದೇ ಬೀದಿ, ಒಂದೇ ಬೆಳಿಗ್ಗೆ. ಮೊದಲನೇ ಅಂಕಿ ಗಾಡಿಯದು, ಎರಡನೆಯದು ನಮ್ಮದು. ಯಾವುದನ್ನು ಹೇಳಿಕೊಳ್ಳುತ್ತೇವೆ ಅನ್ನುವುದರ ಮೇಲೆ ಬೀದಿ ಚೆನ್ನಾಗಿಯೂ ಕಾಣುತ್ತದೆ, ಕೆಟ್ಟದಾಗಿಯೂ ಕಾಣುತ್ತದೆ.

ಎರಡನೇ ಅಳತೆಯಲ್ಲಿ ಇನ್ನೊಂದು ಬಲೆ ಇದೆ. ಎತ್ತಿದ ಕಸವನ್ನು ಲಾರಿ ಸಮೇತ ತೂಗುವ ವೇ-ಬ್ರಿಡ್ಜಿನಲ್ಲಿ ತೂಗಬಹುದು. ಹುಟ್ಟಿದ ಕಸವನ್ನು? ಅದು ಅಂದಾಜು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನ ಸುಮಾರು 4.35 ಲಕ್ಷ. ಸುಮ್ನೆ ಲೆಕ್ಕಕ್ಕೆ ಅಂತ, ಇಷ್ಟು ಜನರ ಊರಲ್ಲಿ ದಿನಕ್ಕೆ 140 ಟನ್ ಎತ್ತಿದರು ಅಂದುಕೊಳ್ಳಿ. ತಲೆಗೆ 350 ಗ್ರಾಂ ಕಸ ಅಂತ ಹಿಡಿದರೆ ಹುಟ್ಟಿದ್ದು 152 ಟನ್, ಎತ್ತಿದ್ದು ಶೇ. 92. ಅದೇ 450 ಗ್ರಾಂ ಹಿಡಿದರೆ 196 ಟನ್, ಎತ್ತಿದ್ದು ಶೇ. 71. ಬೀದಿಯಲ್ಲಿ ಒಂದು ಚೀಲವೂ ಆಚೀಚೆ ಆಗಿಲ್ಲ. ಭಾಗಿಸುವ ಅಂಕಿ ಬದಲಾಯಿತು, ಅಷ್ಟೇ. ಆ ಮಾನದಂಡ ಮಾಡಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಪ್ರತಿ ಅಂಕಿಯ ಪಕ್ಕ ಅದು ಎಷ್ಟು ನಂಬಿಕೆಗೆ ಯೋಗ್ಯ ಅಂತ ದರ್ಜೆಯನ್ನೂ ಕೊಡಬೇಕು ಅಂದರು. ಎ ಅಂದರೆ ಅಳೆದದ್ದು, ಡಿ ಕಡೆಗೆ ಹೋದಷ್ಟೂ ಅಂದಾಜು. ಊರೂರಿಗೆ ಸ್ಥಾನ ಕೊಡುವ ಸ್ವಚ್ಛ ಸರ್ವೇಕ್ಷಣ 2016ರಲ್ಲಿ 73 ನಗರಗಳಿಂದ ಶುರುವಾಯಿತು. ಪೇಪರಿನಲ್ಲಿ ಸ್ಥಾನ ಓದಿ ಹಿಗ್ಗುತ್ತೇವೆ, ಕುಗ್ಗುತ್ತೇವೆ. ನಾನಂತೂ ಈಗ ಮೊದಲು ಹುಡುಕುವುದು ಭಾಗಿಸಿದ್ದು ಯಾವುದರಿಂದ ಅಂತ.

ಬೀದಿಗೆ ಎಂಟು ಅಳತೆ ಬೇಡ. ನಾವು ಮೂರು ಇಟ್ಟುಕೊಂಡಿದ್ದೇವೆ. ತಿಂಗಳಲ್ಲಿ ಗಾಡಿ ಬಾರದ ದಿನ ಎಷ್ಟು. ಗಾಡಿ ಬಂದಾಗ ಕಣ್ಣುಮುಚ್ಚಿ ಹತ್ತು ಬಕೆಟ್ ಆರಿಸಿದರೆ ಅದರಲ್ಲಿ ಶುದ್ಧ ಹಸಿ ಕಸದ್ದು ಎಷ್ಟು. ಮನೆಯ ಬಕೆಟ್ಟುಗಳಿಂದ ಎಷ್ಟು ಕೆ.ಜಿ. ಗೊಬ್ಬರ ಬಂತು. ಎರಡನೆಯದನ್ನು ಪಿಯುಸಿ ಓದುವ ಒಬ್ಬ ಹುಡುಗಿ ಶನಿವಾರ ಮಾಡುತ್ತಾಳೆ. ಮನೆ ನಂಬರ್ ಬರೆಯುವುದಿಲ್ಲ, ಎಣಿಕೆ ಮಾತ್ರ. ಮೊದಲು ನಂಬರ್ ಬರೆದು ಹಾಕಿದ್ದೆವು, ಆಗ ಇಬ್ಬರು ಮಾತು ಬಿಟ್ಟಿದ್ದರು. ನಂಬರ್ ತೆಗೆದ ಮೇಲೆ ಹತ್ತಕ್ಕೆ ಎರಡು ಇದ್ದದ್ದು ಹತ್ತಕ್ಕೆ ಏಳಾಗಿದೆ. ಒಂಬತ್ತಾದರೆ ಹೋಳಿಗೆ ಊಟ ಅಂತ ಮೂಲೆ ಮನೆಯವರು ಹೇಳಿದ್ದಾರೆ, ನೋಡೋಣ.

ಒಂದು ಮಾತು ಗೊಬ್ಬರದ ತೂಕದ ಬಗ್ಗೆ. ಹಾಕಿದ ಹಸಿ ಕಸದ ಕಾಲು ಭಾಗಕ್ಕಿಂತ ಜಾಸ್ತಿ ಬರುತ್ತಿದ್ದರೆ ಖುಷಿ ಪಡಬೇಡಿ. ಇನ್ನೂ ನೀರಿದೆ, ಹಣ್ಣಾಗಿಲ್ಲ ಅಂತ ಅರ್ಥ. ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು, ಯಾವುದು ಸಿಪ್ಪೆ ಯಾವುದು ಎಲೆ ಅಂತ ಗುರುತು ಸಿಗಬಾರದು.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಒಬ್ಬರಾದರೂ ದಿನಾ ಎರಡು ನಿಮಿಷ ಕೊಡುವವರಿದ್ದರೆ ಬಕೆಟ್. ಇಬ್ಬರೂ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರಾದರೆ ಬೇರೆ ಮಾಡಿ ಗಾಡಿಗೆ. ಹತ್ತಿರ ಎಮ್ಮೆ ಇದ್ದರೆ ಸಿಪ್ಪೆ ಅಲ್ಲಿಗೆ, ಮಿಕ್ಕದ್ದು ಗಾಡಿಗೆ. ಸಂಬಳ ಕೊಟ್ಟು ಆಳಿಡಲು ಒಪ್ಪುವ ಅಪಾರ್ಟ್‌ಮೆಂಟಿಗೆ ನೆಲದ ಮೇಲಿನ ಮೂರು ತೊಟ್ಟಿ. ಹಾಸ್ಟೆಲಿಗೆ ಗ್ಯಾಸ್.

ತಂಗಿ ಹತ್ತು ದಿನ ಬಿಟ್ಟು ತಾನೇ ಫೋನ್ ಮಾಡಿದಳು. ಸಿಟ್ಟು ಇಳಿದಿತ್ತು. ಏಳೂ ದಿನದ ಲೆಕ್ಕ ಓದಿ ಹೇಳಿದಳು. ಯಾವ ದಿನವೂ 1 ಕೆ.ಜಿ. 200 ಗ್ರಾಮಿಗೆ ಕಡಿಮೆ ಇಲ್ಲ. ಅವಳ ಮನೆಯಲ್ಲಿ ಮೂರೇ ಜನ, ಮಧ್ಯಾಹ್ನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. "ಯಾವ ಬಕೆಟ್‌ನಲ್ಲಿ ತೂಗಿದೆ?" ಅಂದೆ. ಸ್ನಾನದ ಮನೆಯ ಹಳೇ ಕಬ್ಬಿಣದ ಬಕೆಟ್ಟಂತೆ. "ಬಕೆಟ್ ತೂಕ ಕಳೆದ್ಯಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಈಗ ಸೋಮವಾರದಿಂದ ಮತ್ತೆ ತೂಗುತ್ತಿದ್ದಾಳೆ.